ಕುಟುಂಬದ ಫೋಟೋಗೆ ಉಡುಪಿನ ಆಯ್ಕೆ

ಕುಟುಂಬದ ಫೋಟೋಗೆ ಮೊದಲು ಒಬ್ಬರ ಉಡುಪು ನಿಶ್ಚಯವಾಗಬೇಕು. ಹೆಚ್ಚಿನ ಮನೆಗಳಲ್ಲಿ ಅದು ಅಜ್ಜಿಯ ಅಥವಾ ಅಮ್ಮನ ಸೀರೆ. ಮೈಸೂರು ರೇಷ್ಮೆಯಾದರೆ ಅದರ ಒಡಲಿನ ಬಣ್ಣ ಮತ್ತು ಜರಿ ಅಂಚಿನ ಹೊಂಬಣ್ಣದಿಂದಲೇ ಉಳಿದವರ ಬಟ್ಟೆಗಳನ್ನು ಹೊಂದಿಸಬಹುದು. ಎಲ್ಲರೂ ಒಂದೇ ಬಣ್ಣ ತೊಟ್ಟರೆ ಸಮವಸ್ತ್ರದಂತೆ ಕಾಣುತ್ತದೆ. ಪರಸ್ಪರ ಒಪ್ಪುವ 3–4 ಬಣ್ಣಗಳಿದ್ದರೆ ಚೆನ್ನ.

ಸಣ್ಣ ಚೌಕಳಿ, ಒತ್ತೊತ್ತಾದ ಗೆರೆಗಳಿರುವ ಬಟ್ಟೆ ಡಿಜಿಟಲ್ ಕ್ಯಾಮೆರಾದಲ್ಲಿ ಇಲ್ಲದ ಅಲೆಗಳನ್ನು ಮೂಡಿಸಬಹುದು. ತೋಟದ ಹಸಿರಿನ ಮುಂದೆ ಹಸಿರು ಉಡುಪು ಕರಗಿಹೋಗುತ್ತದೆ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬಿಸಿಲಿನಲ್ಲಿ ತನ್ನ ಛಾಯೆಯನ್ನು ಗಲ್ಲ, ಕತ್ತಿನ ಮೇಲೆ ಚೆಲ್ಲುತ್ತದೆ. ಮಕ್ಕಳಿಗೆ ಮೈ ಚುಚ್ಚದ ಹತ್ತಿ ಬಟ್ಟೆಯೇ ಲೇಸು. ಕಿರಿಕಿರಿ ಮೊದಲು ಕಾಣುವುದು ಮುಖದಲ್ಲಿ.

ಹಿಂದಿನ ದಿನವೇ ಎಲ್ಲರ ಬಟ್ಟೆಗಳನ್ನು ಮಂಚದ ಮೇಲೆ ಒಟ್ಟಿಗೆ ಹರಡಿ ನೋಡಿದರೆ ಹೊಂದದ ಬಣ್ಣ ತಾನೇ ಎದ್ದು ಕಾಣುತ್ತದೆ.