ಕುರ್ಕನ ಕುಲಗೋತ್ರ

ಊಟಕ್ಕೆ ಕೂತ ಮೇಲೂ ಸಾರಿನಪುಡಿ ಯಾರ ಮನೆಯದೆಂದು ವಿಚಾರಿಸುವ ಜನರಿದ್ದಾರೆ. ಓದಿನಲ್ಲಿ ನಾನು ಆ ಪೈಕಿ. ಪುಸ್ತಕದ ಮೇಲೆ ‘ರೂಪಾಂತರ’ ಎಂದು ಕಂಡರೆ ಮೂಲ ಯಾವುದೆಂದು ತಿಳಿಯುವವರೆಗೆ ನೆಮ್ಮದಿಯಿಲ್ಲ.

ಹಿಂದಿನವರು ಈ ಚಟದವರನ್ನು ಚೆನ್ನಾಗಿ ಅಲೆಸಿದ್ದಾರೆ. ಕೆರೂರು ವಾಸುದೇವಾಚಾರ್ಯರು ಷೇಕ್ಸ್‌ಪಿಯರನ ವೆನಿಸ್ಸಿನ ವರ್ತಕನನ್ನು ಸುರತನಗರದ ಶ್ರೇಷ್ಠಿ ಮಾಡಿದರು. ಬಿ.ಎಂ.ಶ್ರೀ. ಅವರಂತೂ ಸೊಫೊಕ್ಲಿಸನ ಗ್ರೀಕ್ ವೀರ ಏಜಾಕ್ಸನ ಪಾಡನ್ನು ನಮ್ಮ ಅಶ್ವತ್ಥಾಮನ ಮೇಲೆ ಹೊರಿಸಿಬಿಟ್ಟರು. ಊರು, ಹೆಸರು, ದೇವರು ಎಲ್ಲ ಬದಲು. ಹುಡುಕುವವನ ಗತಿಯೇನು!

ತೇಜಸ್ವಿಯವರ ‘ಕಾಡಿನ ಕತೆಗಳು’ ಹಾಗಲ್ಲ. ಮೂಲದ ಇಂಗ್ಲಿಷ್ ಬೇಟೆಕತೆಗಳನ್ನು ಬರೆದ ಕೆನೆತ್ ಆಂಡರ್ಸನ್ನನ ಹೆಸರು ಎಲ್ಲರಿಗೂ ಗೊತ್ತು. ಯಾವ ಕತೆ ಅವನ ಯಾವ ಪುಸ್ತಕದ್ದು ಎಂಬುದಷ್ಟೇ ಕೆಲಸ. ‘ಜಾಲಹಳ್ಳಿಯ ಕುರ್ಕ’ ಎಂಬ ಚಿರತೆ ಕತೆಯ ಜಾಡು ಹಿಡಿದರೆ 1954ರಲ್ಲಿ ಬಂದ ಅವನ ಮೊದಲ ಪುಸ್ತಕ ಸಿಗುತ್ತದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿದ್ದೂ ಅದೇ ವರ್ಷ. ಚಿರತೆ ಓಡಾಡಿದ್ದ ಜಾಲಹಳ್ಳಿಯಲ್ಲಿ ಆಮೇಲೆ ಸೈರನ್ನು, ಶಿಫ್ಟು, ಈಗ ಮೆಟ್ರೋ.

ಅದೇ ಪುಸ್ತಕದ ಪರಿವಿಡಿ ನೋಡಿ: ಎಮ್ಮೆದೊಡ್ಡಿ, ಹೊಸದುರ್ಗ, ಹೊಳಲ್ಕೆರೆ, ದೇವರಾಯನದುರ್ಗ, ತ್ಯಾಗರ್ತಿ. ಇಂಗ್ಲಿಷ್ ಪುಸ್ತಕವೋ ಕೆಂಪು ಬಸ್ಸಿನ ಬೋರ್ಡೋ! ರೂಪಾಂತರಕಾರನಿಗೆ ಊರು ಬದಲಿಸುವ ಕೆಲಸವೇ ಉಳಿದಿಲ್ಲ. ತೇಜಸ್ವಿ ಕೈಹಾಕಿದ್ದು ಹೇಳುವ ಧಾಟಿಗೆ. ದೊರೆಯ ಗತ್ತು ಇಳಿದು, ಜಗಲಿಯ ಮೇಲೆ ಕೂತವನ ಮಾತು ಬಂತು.

ಮೂಲ ಸಿಕ್ಕಿತೆಂದು ಇಲ್ಲಿಗೇ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ. ಆಂಡರ್ಸನ್ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದವನು, ಕನ್ನಡ ತಮಿಳು ಬಲ್ಲವನು. ಹುಲಿ ಎಲ್ಲಿ ಬಿತ್ತು, ಯಾರನ್ನು ಹೊತ್ತೊಯ್ದಿತು ಎಂಬುದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದವರುಂಟೇ? ಹೇಳಿದವರು ದನಗಾಹಿಗಳು, ಗಾಡಿ ಹೊಡೆಯುವವರು, ಪಟೇಲರು, ಚಿನ್ನಾರ್ ಹೊಳೆಯ ಕಡೆಯ ಪೂಜಾರಿ ಭೈರ. ಇವರ ಬಾಯಿಮಾತನ್ನು ಮೊದಲು ರೂಪಾಂತರಿಸಿದವನೇ ಆಂಡರ್ಸನ್. ತೇಜಸ್ವಿಯವರದು ಎರಡನೆಯ ರೂಪಾಂತರ. ಮೂಲಕ್ಕೆ ಯಾವುದು ಹತ್ತಿರ ಎಂದರೆ, ಕನ್ನಡ ಸೀಮೆಯ ಕತೆಗಳ ಮಟ್ಟಿಗೆ ನನ್ನ ವೋಟು ಎರಡನೆಯದಕ್ಕೆ.

ತ್ಯಾಗರ್ತಿ, ಎಮ್ಮೆದೊಡ್ಡಿ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಉಪಕಾರ ಮಾಡಿ. ನಿಮ್ಮೂರ ಹುಲಿಯ ಕತೆಯನ್ನು ಮನೆಯ ಹಿರಿಯರು ಹೇಗೆ ಹೇಳುತ್ತಾರೋ ಹಾಗೇ ಬರೆದಿಡಿ. ಸಾಹೇಬನ ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸ ನನಗಿರಲಿ.