ಆಗುಂಬೆಯಲ್ಲಿ ಮೋಡ ಎಣಿಸಿದೆವು

ಆಗುಂಬೆಗೆ ಬಂದವರು ಮೊದಲು ವಿಚಾರಿಸುವುದು ಸೂರ್ಯಾಸ್ತದ ಜಾಗವನ್ನು. ಆದರೆ ಆಗಸ್ಟ್ ತಿಂಗಳಿನಲ್ಲಿ ಅಲ್ಲಿ ಸೂರ್ಯನ ದರ್ಶನವೇ ಅಪರೂಪ. ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ನಾನು ಹೋದದ್ದು ಮೋಡ ಎಣಿಸಲು!

ಆಕಾಶವನ್ನು ಎಂಟು ಸಮಪಾಲು ಎಂದು ಭಾವಿಸಿ, ಎಷ್ಟು ಪಾಲು ಮುಚ್ಚಿದೆಯೆಂದು ಹವಾಮಾನ ವೀಕ್ಷಕರು ಬರೆದಿಡುತ್ತಾರೆ. ಈ ಪಾಲಿಗೆ 'ಆಕ್ಟಾ' ಎಂದು ಹೆಸರು. ಕರಾವಳಿಯ ಕಡೆಯಿಂದ ಗಾಳಿ ಮೋಡಗಳನ್ನು ಘಟ್ಟಕ್ಕೆ ತಳ್ಳುತ್ತಿತ್ತು. ಜಿಟಿಜಿಟಿ ಮಳೆ. ಮಕ್ಕಳು ಕೊಡೆ ಓರೆಮಾಡಿ ನೋಡಿ, "ಎಂಟಕ್ಕೆ ಎಂಟು ಸಾರ್" ಎಂದರು.

ಆ ಬೆಳಗಿನ ಉಪಗ್ರಹ ಚಿತ್ರವನ್ನು ಚೀಲದಿಂದ ತೆಗೆದೆ. ಒಬ್ಬಳು ಹುಡುಗಿ ಕೇಳಿದಳು: "ಬಿಳಿ ಅಂದ್ರೆ ಮೋಡ, ಬೂದು ಅಂದ್ರೆ ನೆಲ ಅಂದಿದ್ರಲ್ಲ ಸಾರ್, ಇಲ್ಲಿ ಬರೀ ಬೂದು ಇದೆ!" ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಉತ್ತರ ಸಿಕ್ಕಿದ್ದು ಹಿಂದಿರುಗುವ ಬಸ್ಸಿನಲ್ಲಿ.

2016ರಲ್ಲಿ ಹಾರಿದ ಇನ್ಸಾಟ್-3ಡಿಆರ್ ಸುಮಾರು 36,000 ಕಿ.ಮೀ. ಎತ್ತರದಿಂದ ನಮ್ಮನ್ನು ನೋಡುತ್ತದೆ. ಅದರ ಅವಕೆಂಪು ಚಿತ್ರ ಅಳೆಯುವುದು ಮೋಡವನ್ನಲ್ಲ, ಉಷ್ಣವನ್ನು. ಮೇಲೇರಿದಂತೆ ಪ್ರತಿ ಕಿ.ಮೀ.ಗೆ ಸುಮಾರು 6.5 ಡಿಗ್ರಿ ತಂಪು. ಹನ್ನೆರಡು ಕಿ.ಮೀ. ಎತ್ತರದ ಗುಡುಗಿನ ಮೋಡದ ನೆತ್ತಿ ಸೊನ್ನೆಗಿಂತ 40 ಡಿಗ್ರಿಗೂ ಹೆಚ್ಚು ಕೆಳಗಿದ್ದು, ಅಚ್ಚ ಬಿಳಿಯಾಗಿ ಕಾಣುತ್ತದೆ. ಘಟ್ಟದ ಮೋಡ ಎರಡು ಮೂರು ಕಿ.ಮೀ.ಗೇ ನಿಂತರೆ ಅದರ ಉಷ್ಣ 10–15 ಡಿಗ್ರಿ. ನೆಲಕ್ಕೂ ಅದಕ್ಕೂ ಅಂತರ ಕಡಿಮೆ. ಹಾಗಾಗಿ ಬೂದು!

ಆದ್ದರಿಂದಲೇ ವಿಜ್ಞಾನಿಗಳು ಹಗಲಿನಲ್ಲಿ ಗೋಚರ ಬೆಳಕಿನ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ. ತಗ್ಗಿನ ಮೋಡವೂ ಬಿಸಿಲನ್ನು ಚೆನ್ನಾಗಿ ಪ್ರತಿಫಲಿಸುತ್ತದೆ. ರಾತ್ರಿ 3.9 ಮತ್ತು 10.8 ಮೈಕ್ರಾನಿನ ಎರಡು ಅವಕೆಂಪು ಅಳತೆಗಳ ವ್ಯತ್ಯಾಸದಿಂದ ಅದನ್ನು ಹಿಡಿಯುತ್ತಾರೆ. ಬಳಿಕ ಚಿತ್ರದ ಪ್ರತಿಯೊಂದು ಚೌಕಕ್ಕೂ 'ಮೋಡ ಇದೆ', 'ಇಲ್ಲ' ಎಂಬ ತೀರ್ಪು. ಇದ್ದ ಚೌಕಗಳ ಪ್ರಮಾಣವೇ ಮೋಡದ ಹೊದಿಕೆ. ನಾಲ್ಕು ಕಿ.ಮೀ. ಚೌಕದಲ್ಲಿ ಅರ್ಧ ಮೋಡವಿದ್ದು ಪೂರ್ತಿ ಎಂದು ಎಣಿಸಿದರೆ ಲೆಕ್ಕ ಹೆಚ್ಚು, ಬಿಟ್ಟರೆ ಕಡಿಮೆ.

ಇದು ಬರಿಯ ಲೆಕ್ಕದ ಮಾತಲ್ಲ. ಪಶ್ಚಿಮಘಟ್ಟದಲ್ಲಿ ಇಂಥ ತಗ್ಗಿನ ಮೋಡಗಳೇ ಧಾರಾಳ ಮಳೆ ಸುರಿಸುತ್ತವೆ. ಅವಕೆಂಪು ಚಿತ್ರವನ್ನಷ್ಟೇ ನಂಬಿದರೆ ಹೊಳೆ ಉಕ್ಕುವ ದಿನವೂ ಮಳೆ ಕಡಿಮೆಯೆಂದೇ ತೋರೀತು. ಮಳೆಮಾಪಕದ ಮುಂದೆ ನಿಲ್ಲುವ ಮನುಷ್ಯ ಇನ್ನೂ ಬೇಕು.

ಮರುದಿನ ಕರಿಹಲಗೆಯ ಮೇಲೆ ನನ್ನ ತಪ್ಪನ್ನು ನಾನೇ ತಿದ್ದಿದೆ. ನಾಸಾ ಸಂಸ್ಥೆ 1997ರಲ್ಲೇ ಶಾಲಾ ಮಕ್ಕಳ ಮೋಡದ ಎಣಿಕೆಯನ್ನು ಉಪಗ್ರಹದ ಅಳತೆಯೊಡನೆ ಹೋಲಿಸತೊಡಗಿತ್ತು. ಪೋಷಕರೇ, ಸಂಜೆ ಮಕ್ಕಳೊಡನೆ ಅಂಗಳಕ್ಕೆ ಬನ್ನಿ. ಎಂಟರಲ್ಲಿ ಎಷ್ಟು ಎಂದು ಕೇಳಿ. ಖರ್ಚೇನೂ ಇಲ್ಲ.