ಎರಡು ನೆಟ್ ಇದ್ರೂ ಟ್ಯಾಲಿ ಯಾಕೆ ಸಿಗಲ್ಲ? (ಭಾಗ 4)

20ನೇ ತಾರೀಕು, ಜಿಎಸ್‌ಟಿಆರ್-3ಬಿಗೆ ಕೊನೇ ದಿನ. ಲೇಟಾದ್ರೆ ಅಂಗಡಿಯವರಿಗೆ ದಿನಕ್ಕೆ 50 ರೂಪಾಯಿ ಫೀ. ನೀವು ಮನೆಯಿಂದ ಆಫೀಸಿನ ಟ್ಯಾಲಿಗೆ ಕನೆಕ್ಟ್ ಆಗ್ತಿದ್ದೀರ. ಆಫೀಸಲ್ಲಿ ಎರಡು ಕಂಪನಿಯ ನೆಟ್, ಎರಡೂ ಓಡ್ತಿವೆ. ಆದ್ರೂ ಸ್ಕ್ರೀನ್ ಖಾಲಿ. ಯಾಕೆ?

ಒಂದೊಂದು ಕಂಪನಿಯೂ ಬೇರೆ ಬೇರೆ ಐಪಿ ವಿಳಾಸ ಕೊಟ್ಟಿರುತ್ತೆ. ನಿಮ್ಮ ರಿಕ್ವೆಸ್ಟ್ ಎರಡನೇ ಲೈನಲ್ಲಿ ಬಂತು. ಉತ್ತರ ಕಳಿಸುವಾಗ ರೂಟರ್ ನೋಡೋದು ಎಲ್ಲಿಗೆ ಹೋಗ್ಬೇಕು ಅಂತ ಮಾತ್ರ. ಮೊದಲನೇ ಲೈನಿಗೆ ತಳ್ಳಿಬಿಡುತ್ತೆ. ಸರ್ಕಾರಿ ಬಸ್ ಪಾಸ್ ಹಿಡ್ಕೊಂಡು ಪ್ರೈವೇಟ್ ಬಸ್ ಹತ್ತಿದ ಹಾಗೆ! 'ಈ ವಿಳಾಸ ನಮ್ಮದಲ್ಲ' ಅಂತ ಆ ಕಂಪನಿ ಪ್ಯಾಕೆಟನ್ನ ಅಲ್ಲೇ ಇಳಿಸಬಹುದು. ಸುಳ್ಳು ವಿಳಾಸದ ದಾಳಿ ತಡೆಯೋಕೆ ಹಾಗೇ ಮಾಡಿ ಅಂತ 2000ದಿಂದಲೂ ಶಿಫಾರಸು ಇದೆ.

ಓಎಸ್‌ಪಿಎಫ್, ಬಿಜಿಪಿ ಥರದ ಡೈನಾಮಿಕ್ ರೂಟಿಂಗ್ ಪ್ರೋಟೋಕಾಲ್‌ಗಳು ಒಂದು ದಾರಿ ಕಟ್ ಆದ್ರೆ ತಾವೇ ಇನ್ನೊಂದು ಹುಡುಕ್ತವೆ. ಆದ್ರೆ ಅವೂ ಸಾಮಾನ್ಯವಾಗಿ ನೋಡೋದು ಹೋಗಬೇಕಾದ ಊರನ್ನೇ, ಹೊರಟ ಊರನ್ನಲ್ಲ.

ಅದಕ್ಕೇ ಸೋರ್ಸ್ ರೂಟಿಂಗ್. ಲಿನಕ್ಸ್ ರೂಟರಲ್ಲಿ ಒಂದೊಂದು ಲೈನಿಗೆ ಒಂದೊಂದು ರೂಟ್ ಟೇಬಲ್, 'ಈ ವಿಳಾಸದಿಂದ ಹೊರಟಿದ್ದಕ್ಕೆ ಈ ಟೇಬಲ್' ಅಂತ ಒಂದು ರೂಲ್. ನಮ್ಮ ಲೆಡ್ಜರ್ ಥರಾನೇ, ಯಾರ ಎಂಟ್ರಿ ಅವರ ಖಾತೆಗೆ.

ಎರಡನೇ ಲೈನಿಗೆ ದುಡ್ಡು ಕೊಡೋ ಮೊದಲು ಹಾಕೋಕೆ ಬಂದವರನ್ನ ಕೇಳಿ: 'ಅಣ್ಣ, ಬಂದ ದಾರೀಲೇ ವಾಪಸ್ ಹೋಗುತ್ತಾ?'